ಝೆಡ್3: 429 ಕೋಟಿ ಜೋಡಿಗೆ ಒಂದೇ ಪ್ರಶ್ನೆ

ಎರಡು ಅಂಕಿಗಳ ಸರಾಸರಿ. ಇಷ್ಟು ಸಣ್ಣ ಲೆಕ್ಕದಲ್ಲಿ ತಪ್ಪಿರಬಹುದು ಅಂತ ನಮ್ಮ ಟೀಮಿನಲ್ಲಿ ಯಾರಿಗೂ ಅನಿಸಿರಲಿಲ್ಲ. ನಾನು ಸೆನ್ಸರ್‌ಗಳಿಗೆ ಫರ್ಮ್‌ವೇರ್ ಬರೆಯುತ್ತೇನೆ. ಎರಡು ರೀಡಿಂಗ್ ಕೂಡಿಸಿ ಅರ್ಧ ಮಾಡುವ ಒಂದು ಫಂಕ್ಷನ್ ಇತ್ತು. ಟೆಸ್ಟುಗಳೆಲ್ಲ ಪಾಸಾಗಿದ್ದವು. ಆದರೂ ಬಿಸಿಲಲ್ಲಿಟ್ಟ ಒಂದು ಸಾಧನ ಮಧ್ಯಾಹ್ನದ ಹೊತ್ತಿಗೆ ಅರ್ಥವಿಲ್ಲದ ಅಂಕಿ ಕಳಿಸುತ್ತಿತ್ತು. ಎರಡು ವಾರ ವೈರು, ಪವರ್ ಸಪ್ಲೈ ಎಲ್ಲ ಬದಲಾಯಿಸಿ ನೋಡಿದೆವು.

ಆಮೇಲೆ ಝೆಡ್3 ಹಾಕಿಕೊಂಡೆ. ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿ ಹುಟ್ಟಿದ ಸಾಲ್ವರ್ ಇದು, ಅಂದರೆ ಕೊಟ್ಟ ಷರತ್ತುಗಳಿಗೆಲ್ಲ ಹೊಂದುವ ಅಂಕಿ ಇದೆಯಾ ಅಂತ ಹುಡುಕುವ ಸಾಫ್ಟ್‌ವೇರ್. 2015ರಿಂದ ಎಂಐಟಿ ಲೈಸೆನ್ಸಿನಲ್ಲಿ ಸಿಗುತ್ತದೆ, ದುಡ್ಡು ಕೊಡಬೇಕಿಲ್ಲ. ಪೈಥಾನ್ ಇದ್ದರೆ ಪಿಪ್‌ನಲ್ಲಿ ಒಂದೇ ಸಾಲಿಗೆ ಬಂದುಬಿಡುತ್ತದೆ.

ಟೆಸ್ಟ್ ಅಂದರೆ ನಾವು ಅಂಕಿ ಕೊಟ್ಟು ಉತ್ತರ ನೋಡುವುದು. ಇಲ್ಲಿ ಉಲ್ಟಾ. ‘ಈ ಕೋಡು ತಪ್ಪು ಉತ್ತರ ಕೊಡುವಂಥ ಅಂಕಿ ಎಲ್ಲಾದರೂ ಇದೆಯಾ?’ ಅಂತ ಕೇಳಬೇಕು. ಇದ್ದರೆ ‘ಸ್ಯಾಟ್’ ಅಂದು ಆ ಅಂಕಿಗಳನ್ನೇ ಕೈಗಿಡುತ್ತದೆ. ಇಲ್ಲದಿದ್ದರೆ ‘ಅನ್‌ಸ್ಯಾಟ್’. 16 ಬಿಟ್‌ನ ಎರಡು ರೀಡಿಂಗ್ ಅಂದರೆ ಸುಮಾರು 429 ಕೋಟಿ ಜೋಡಿ. ಝೆಡ್3 ಒಂದೊಂದನ್ನೇ ಓಡಿಸಿ ನೋಡುವುದಿಲ್ಲ, ತರ್ಕದಿಂದ ಗುಂಪುಗುಂಪಾಗಿ ತಳ್ಳಿಹಾಕುತ್ತದೆ.

ನಮಗೆ ಕ್ಷಣದಲ್ಲಿ ‘ಸ್ಯಾಟ್’ ಬಂತು. ಅದು ಕೊಟ್ಟ ಜೋಡಿಯನ್ನು ಸುಲಭದ ಅಂಕಿಗಳಲ್ಲಿ ಹೇಳುತ್ತೇನೆ: 40000 ಮತ್ತು 30000. ಮೊತ್ತವನ್ನೂ 16 ಬಿಟ್‌ನ ವೇರಿಯಬಲ್‌ನಲ್ಲೇ ಇಟ್ಟಿದ್ದೆವು. ಅದರಲ್ಲಿ ಹಿಡಿಸುವುದು 65535ರವರೆಗೆ ಮಾತ್ರ. 70000 ಹಿಡಿಸುವುದಿಲ್ಲ, 65536 ಕಳೆದುಹೋಗಿ 4464 ಆಗಿಬಿಡುತ್ತದೆ. ಸರಾಸರಿ 35000 ಬರಬೇಕಾದ ಕಡೆ 2232! ನಮ್ಮ ಟೆಸ್ಟುಗಳಲ್ಲಿ ಅಷ್ಟು ದೊಡ್ಡ ರೀಡಿಂಗ್ ಒಂದೂ ಇರಲಿಲ್ಲ. ಬಿಸಿಲಲ್ಲಿ ಇತ್ತು. ಆ ದಿನ ನನಗಾದ ನೆಮ್ಮದಿ ಅಷ್ಟಿಷ್ಟಲ್ಲ.

ಇನ್ನು ಕಷ್ಟದ ಮಾತು. ಮೊತ್ತ ತುಂಬಿ ಹರಿಯದ ಹಾಗೆ ಕೋಡು ತಿದ್ದಿದೆ: ಎರಡರ ‘ಆಂಡ್’ಗೆ (ಎರಡರಲ್ಲೂ 1 ಇರುವ ಬಿಟ್‌ಗಳು), ‘ಎಕ್ಸಾರ್’ನ (ಒಂದರಲ್ಲಿ ಮಾತ್ರ 1 ಇರುವ ಬಿಟ್‌ಗಳು) ಅರ್ಧ ಕೂಡಿಸುವುದು. ಬಿಟ್‌ಗಳನ್ನು ಬಲಕ್ಕೆ ಒಂದು ಮನೆ ಸರಿಸಿದರೆ ಅರ್ಧವಾಗುತ್ತದೆ. ಸರಿಯಾದ ಕೋಡು ಅದು. ಆದರೂ ‘ಸ್ಯಾಟ್’ ಬಂತು. 32768 ಮತ್ತು 0 ಕೊಟ್ಟರೆ 16384ರ ಬದಲು 49152 ಅಂತ ಲೆಕ್ಕ ತೋರಿಸಿತು. ಅರ್ಧ ದಿನ ಕೋಡನ್ನೇ ಅನುಮಾನಿಸಿದೆ. ಕಾರಣ ಬೇರೆ. ಝೆಡ್3ರ ಪೈಥಾನ್ ರೂಪದಲ್ಲಿ ಬಿಟ್‌ಗಳನ್ನು ಬಲಕ್ಕೆ ಸರಿಸುವ ಮಾಮೂಲಿ ಚಿಹ್ನೆ, ಅಂಕಿಯನ್ನು ಸೈನ್ಡ್ (ಮೈನಸ್ಸೂ ಇರಬಹುದಾದದ್ದು) ಅಂದುಕೊಂಡೇ ಸರಿಸುತ್ತದೆ. ಭಾಗಾಕಾರ, ಹೋಲಿಕೆ ಕೂಡ ಹಾಗೇ. ಅನ್‌ಸೈನ್ಡ್ (ಮೈನಸ್ ಇಲ್ಲದ್ದು) ಬೇಕಿದ್ದರೆ ಎಲ್‌ಎಸ್‌ಎಚ್‌ಆರ್, ಯುಡಿವ್, ಯುಎಲ್‌ಟಿ ಅಂತ ಬಾಯಿಬಿಟ್ಟು ಹೇಳಬೇಕು. ಹೊಸಬರು ಮೊದಲ ದಿನವೇ ಇದನ್ನು ಬರೆದಿಟ್ಟುಕೊಳ್ಳಿ.

ಗುಣಾಕಾರ ಬಂದರೆ ಝೆಡ್3ಗೆ ಸುಸ್ತಾಗುತ್ತದೆ. 32 ಬಿಟ್‌ನ ಗುಣಾಕಾರವನ್ನು ಎರಡು ಬಗೆಯಲ್ಲಿ ಬರೆದು, ಎರಡರ ಉತ್ತರವೂ ಯಾವಾಗಲೂ ಒಂದೇನಾ ಅಂತ ಕೇಳಿ ರಾತ್ರಿಯಿಡೀ ಬಿಟ್ಟೆ, ಬೆಳಿಗ್ಗೆಯಾದರೂ ಉತ್ತರವಿಲ್ಲ. 8 ಬಿಟ್‌ಗೆ ಇಳಿಸಿದಾಗ ಬಂತು. ಅಂಥ ಕೆಲಸಕ್ಕೆ ಮನುಷ್ಯನೇ ದಾರಿ ತೋರಿಸುವ ಎಸಿಎಲ್2ನಂಥ ಪ್ರೂವರ್‌ಗಳಿವೆ, ಅಂದರೆ ಗಣಿತದ ಸಾಧನೆಯನ್ನು ಹೆಜ್ಜೆಹೆಜ್ಜೆಯಾಗಿ ಪರೀಕ್ಷಿಸುವ ಸಾಫ್ಟ್‌ವೇರ್‌ಗಳು. 1994ರಲ್ಲಿ ಇಂಟೆಲ್‌ನ ಪೆಂಟಿಯಂ ಭಾಗಾಕಾರ ತಪ್ಪಿ, 47.5 ಕೋಟಿ ಡಾಲರ್ ಎತ್ತಿಡಬೇಕಾಯಿತು. ಮರುವರ್ಷ ಎಎಂಡಿ ತನ್ನ ಕೆ5 ಚಿಪ್‌ನ ಭಾಗಾಕಾರ ಸರಿಯಿದೆ ಅಂತ ಎಸಿಎಲ್2ರಲ್ಲಿ ಸಾಧಿಸಿತು. ಅದಕ್ಕೆ ಬೇಕಾದ ತಾಳ್ಮೆ, ಕಲಿಕೆ ಎರಡೂ ಜಾಸ್ತಿ.

ಸಣ್ಣ ಫಂಕ್ಷನ್‌ಗಳಿಗೆ ಮಾತ್ರ ನಾನು ಝೆಡ್3 ಬಿಡುವುದಿಲ್ಲ. ‘ಅನ್‌ಸ್ಯಾಟ್’ ಬಂದ ಕೂಡಲೇ ಕೋಡಿನಲ್ಲಿ ಬೇಕಂತಲೇ ಒಂದು ತಪ್ಪು ಸೇರಿಸಿ ಇನ್ನೊಮ್ಮೆ ಓಡಿಸುತ್ತೇನೆ. ಆಗ ‘ಸ್ಯಾಟ್’ ಬರಲೇಬೇಕು, ಅಲ್ವಾ? ಬರದಿದ್ದರೆ ನನ್ನ ಪ್ರಶ್ನೆಯನ್ನೇ ಮತ್ತೆ ಬರೆಯುತ್ತೇನೆ.