ಗ್ಲೆನೆಲ್ಗ್: ಕಡಲು ಕಾಣುವ ಮನೆಗಿಂತ ಟ್ರಾಮಿಗೆ ಹತ್ತಿರದ ಮನೆ ಲೇಸು

ಆಸ್ಟ್ರೇಲಿಯಾದ ಅಡಿಲೇಡ್ ನಗರದ ಪಶ್ಚಿಮ ಅಂಚಿನುದ್ದಕ್ಕೂ ಬೀಚ್ ಇದೆ. ಸೆಮಾಫೋರ್, ಹೆನ್ಲಿ ಬೀಚ್, ಬ್ರೈಟನ್, ಎಲ್ಲಕ್ಕೂ ಅದೇ ಸೇಂಟ್ ವಿನ್ಸೆಂಟ್ ಕೊಲ್ಲಿ, ಅದೇ ಮರಳು, ಅದೇ ಸೂರ್ಯಾಸ್ತ. ಆದರೆ ಪೇಟೆಯ ನಡುವೆ ಹತ್ತಿದ ಟ್ರಾಮ್ ಮರಳಿನ ಎದುರಿಗೇ ಹೋಗಿ ನಿಲ್ಲುವುದು ಗ್ಲೆನೆಲ್ಗ್‌ನಲ್ಲಿ ಮಾತ್ರ. ಈ ಬಡಾವಣೆಯಲ್ಲಿ ಬಾಡಿಗೆ ಕೊಡುವುದೇ ಆದರೆ ಆ ಸೌಕರ್ಯಕ್ಕೆ ಕೊಡಿ. ಅಲೆ ಕಾಣುವ ಬಾಲ್ಕನಿಗೆ ಕೊಟ್ಟ ದುಡ್ಡಿನ ಹಿಂದೆಯೇ ಬರುವ ಉಪ್ಪು, ಗದ್ದಲ, ಪಾರ್ಕಿಂಗ್ ತಾಪತ್ರಯಗಳನ್ನು ಯಾವ ಏಜೆಂಟೂ ಜಾಹೀರಾತಿನಲ್ಲಿ ಬರೆಯುವುದಿಲ್ಲ.

ಮೊದಲು ಟ್ರಾಮ್. 1873ರಲ್ಲಿ ರೈಲು ಮಾರ್ಗವಾಗಿ ಶುರುವಾದ ಇದು 1929ರಲ್ಲಿ ವಿದ್ಯುತ್ ಟ್ರಾಮ್ ಆಯಿತು. ನಗರದ ವಿಕ್ಟೋರಿಯಾ ಸ್ಕ್ವೇರ್‌ನಿಂದ ಕಡಲಂಚಿನ ಮೋಸ್ಲಿ ಸ್ಕ್ವೇರ್‌ಗೆ ಸುಮಾರು ಅರ್ಧ ಗಂಟೆ. ದಾರಿಯ ಬಹುಪಾಲು ಟ್ರಾಮಿಗೇ ಮೀಸಲಾದ ಹಳಿ. ಗ್ಲೆನೆಲ್ಗ್‌ನ ಅಂಗಡಿ ಬೀದಿಯಾದ ಜೆಟ್ಟಿ ರೋಡ್ ಹೊಕ್ಕ ಮೇಲೆ ಕಾರುಗಳ ಜೊತೆ ಒಂದೇ ರಸ್ತೆ, ಹಾಗಾಗಿ ಅಲ್ಲಿ ತೆವಳುತ್ತದೆ. ಬೇಸಿಗೆಯ ಶನಿವಾರ ಸಂಜೆಯಾದರೆ ಬ್ರೈಟನ್ ರೋಡ್ ಸ್ಟಾಪಿನಲ್ಲೇ ಇಳಿದು ನಡೆಯುವುದು ವಾಸಿ. ಬ್ರೈಟನ್ ರೋಡ್‌ನಿಂದ ಮೋಸ್ಲಿ ಸ್ಕ್ವೇರ್‌ವರೆಗೆ ಪ್ರಯಾಣ ಉಚಿತ, ಅತ್ತ ಸೌತ್ ಟೆರೇಸ್‌ನಿಂದ ನಗರದ ಒಳಗೂ ಉಚಿತ, ನಡುವಿನ ಭಾಗಕ್ಕೆ ಟಿಕೆಟ್ ಬೇಕು. ಹೊಸಬರು ಸಿಕ್ಕಿಬೀಳುವುದು ಇಲ್ಲೇ: ಮೋಸ್ಲಿ ಸ್ಕ್ವೇರ್‌ನಲ್ಲಿ 'ಫ್ರೀ' ಎಂಬ ಮಾತು ಕೇಳಿ ಹತ್ತಿದವರು ಬ್ರೈಟನ್ ರೋಡ್ ದಾಟಿದ ಮೇಲೂ ಹಾಗೇ ಕೂತಿರುತ್ತಾರೆ. ತಪಾಸಣೆಯವರು ಬಂದರೆ ಗೊತ್ತಿರಲಿಲ್ಲ ಎಂಬ ಉತ್ತರ ನಡೆಯದು. ಪ್ರಯಾಣದ ಹಣ ತುಂಬಿಸಿದ ಮೆಟ್ರೋಕಾರ್ಡನ್ನು ಹತ್ತಿದ ಕೂಡಲೇ ಯಂತ್ರಕ್ಕೆ ತಾಗಿಸಬೇಕು, ಇಳಿಯುವಾಗ ಬೇಕಿಲ್ಲ. ಮೊದಲ ಸಲ ತಾಗಿಸಿದಲ್ಲಿಂದ ಎರಡು ಗಂಟೆಯೊಳಗೆ ಬಸ್ಸಿಗೋ ರೈಲಿಗೋ ಬದಲಾಯಿಸಿದರೆ ಮತ್ತೆ ಹಣ ಹೋಗುವುದಿಲ್ಲ, ತಾಗಿಸುವುದನ್ನು ಮಾತ್ರ ಮರೆಯಬಾರದು. ವಾರದ ದಿನ ಬೆಳಗ್ಗೆ 9ರ ನಂತರ, ಮಧ್ಯಾಹ್ನ 3ರ ಒಳಗೆ ದರ ಕಡಿಮೆ.

ಟ್ರಾಮನ್ನೇ ನಂಬಿ ಕಾರು ಬಿಡುವವರು ಒಂದು ಅಂಶ ಗಮನಿಸಬೇಕು. ಟ್ರಾಮ್ ಹಳಿ ರಸ್ತೆ ದಾಟುವಲ್ಲಿ ಮೇಲ್ಸೇತುವೆ ಕಟ್ಟಲು 2025ರ ಆಗಸ್ಟ್‌ನಿಂದ ಸೌತ್ ಟೆರೇಸ್ ಮತ್ತು ಗ್ಲೆನೆಲ್ಗ್ ನಡುವಿನ ಮಾರ್ಗವನ್ನು ತಿಂಗಳುಗಟ್ಟಲೆ ಮುಚ್ಚಿ ಬದಲಿ ಬಸ್ ಓಡಿಸಿದರು. ಒಂದೇ ಹಳಿಯನ್ನು ನೆಚ್ಚಿಕೊಂಡ ಊರಿಗೆ ಇಂಥದ್ದು ತಪ್ಪದು. ಬ್ರೈಟನ್ ರೋಡಿನ ಬಸ್ಸುಗಳಿಗೂ ನಡೆದು ಹೋಗುವಷ್ಟು ದೂರದಲ್ಲಿ ಮನೆಯಿದ್ದರೆ ಅಂಥ ದಿನಗಳಲ್ಲಿ ಕಷ್ಟವಿಲ್ಲ.

ಹೆಸರು ಒಂದೇ ಆದರೂ ಗ್ಲೆನೆಲ್ಗ್ ನಾಲ್ಕು ತೆರ. ಜೆಟ್ಟಿ ರೋಡ್ ಸುತ್ತಲಿನ ಗ್ಲೆನೆಲ್ಗ್‌ನಲ್ಲಿ ಎಲ್ಲವೂ ಕಾಲಳತೆಯಲ್ಲಿ, ರಾತ್ರಿ ಗದ್ದಲವೂ ಅಷ್ಟೇ ಹತ್ತಿರ. ಗ್ಲೆನೆಲ್ಗ್ ನಾರ್ತ್‌ನಲ್ಲಿ ಪ್ಯಾಟವಲೋಂಗ ಹಿನ್ನೀರಿನ ದಂಡೆ ನಡೆಯಲು ಚಂದ, ತಲೆಯ ಮೇಲೆ ಮಾತ್ರ ವಿಮಾನ. ಅಡಿಲೇಡ್ ವಿಮಾನ ನಿಲ್ದಾಣಕ್ಕೆ ರಾತ್ರಿ 11ರಿಂದ ಬೆಳಗ್ಗೆ 6ರವರೆಗೆ ಕಾನೂನಿನ ನಿರ್ಬಂಧವಿರುವುದರಿಂದ ನಿದ್ದೆಗೆ ಅಷ್ಟಾಗಿ ತೊಂದರೆಯಿಲ್ಲ. ಮನೆಯಿಂದಲೇ ಕೆಲಸ ಮಾಡುವವರು ಮಾತ್ರ ಹಗಲಲ್ಲಿ ಅರ್ಧ ಗಂಟೆ ಆ ಬೀದಿಯಲ್ಲಿ ನಿಂತು ಕೇಳಿ ನಿರ್ಧರಿಸಬೇಕು. ಗ್ಲೆನೆಲ್ಗ್ ಸೌತ್ ನಿಶ್ಶಬ್ದ, ಅದಕ್ಕೆ ತಕ್ಕ ಬಾಡಿಗೆ. ಲೆಕ್ಕ ಹಾಕುವವರಿಗೆ ಸರಿಹೊಂದುವುದು ಗ್ಲೆನೆಲ್ಗ್ ಈಸ್ಟ್: ಬ್ರೈಟನ್ ರೋಡಿನ ಆಚೆ ಬದಿ, ಟ್ರಾಮ್ ಸ್ಟಾಪ್ ಪಕ್ಕದಲ್ಲೇ, ಕಡಲಿಗೆ ನಡೆದೇ ಹೋಗಬಹುದು, ಉಪ್ಪಿನ ಹೊಡೆತವೂ ಕಮ್ಮಿ.

ಈ ಉಪ್ಪು ಸಣ್ಣ ವಿಷಯವಲ್ಲ. ಮಧ್ಯಾಹ್ನದ ಮೇಲೆ ನೈಋತ್ಯದಿಂದ ಬೀಸುವ ಗಾಳಿ ಕಣ್ಣಿಗೆ ಕಾಣದ ಉಪ್ಪಿನ ಹನಿಗಳನ್ನು ಹೊತ್ತು ತರುತ್ತದೆ. ಮಳೆ ಬೀಳುವ ಕಡೆ ಅದು ತೊಳೆದುಹೋಗುತ್ತದೆ. ಮಳೆ ತಾಗದ ಸೂರಿನಡಿಯ ಕೊಂಡಿ, ಬಾಲ್ಕನಿ ಚಾವಣಿಯ ದೀಪ, ಕಟಕಟೆಯ ಕೆಳಮೈ, ಇವೇ ಮೊದಲು ಹಾಳಾಗುವುದು. ಮನೆ ನೋಡಲು ಹೋದಾಗ ಜನ ನೋಟ ನೋಡುತ್ತಾರೆ. ನೋಡಬೇಕಾದ್ದು ಈ ಜಾಗಗಳನ್ನು. ಸ್ಟೇನ್‌ಲೆಸ್ ಕಟಕಟೆಯ ಮೇಲೆ ಚಹಾ ಚೆಲ್ಲಿದಂಥ ಕಂದು ಕಲೆಗಳಿದ್ದರೆ ಅಲ್ಲಿ ಬಳಸಿದ್ದು ಬಹುಶಃ 304 ದರ್ಜೆಯ ಉಕ್ಕು, ಇಲ್ಲವೇ ಯಾರೂ ತೊಳೆಯುತ್ತಿಲ್ಲ. ಕಡಲತೀರಕ್ಕೆ 316 ದರ್ಜೆ ಬೇಕು, ಅದನ್ನೂ ಆಗಾಗ ಸಿಹಿನೀರಿನಲ್ಲಿ ತೊಳೆಯಲೇಬೇಕು. ಜಾರುಬಾಗಿಲನ್ನು ಒಂದು ಬೆರಳಿನಿಂದ ತಳ್ಳಿ ನೋಡಿ. ಹಠ ಮಾಡಿದರೆ ಕೆಳಗಿನ ಚಕ್ರಗಳು ಉಪ್ಪು ಮರಳಿನಲ್ಲಿ ಕೂತಿವೆ ಎಂದರ್ಥ. ಹಳಿಯ ಮರಳನ್ನು ವ್ಯಾಕ್ಯೂಮ್‌ನಲ್ಲಿ ಎಳೆದು, ಬೆಚ್ಚಗಿನ ನೀರಿನಲ್ಲಿ ಒರೆಸಿ, ಒಣಗಿದ ಮೇಲೆ ಸಿಲಿಕೋನ್ ಸ್ಪ್ರೇ ಹೊಡೆದರೆ ಸರಾಗ. ಎಣ್ಣೆ ಬಿಡಬೇಡಿ, ಮರಳು ಅದಕ್ಕೇ ಅಂಟಿಕೊಂಡು ವಾರದಲ್ಲಿ ಮತ್ತೆ ಅದೇ ಕಥೆ.

ಎಸಿಯ ಹೊರಗಿನ ಘಟಕ ಕಡಲಿಗೆ ಮುಖ ಮಾಡಿದ್ದರೆ ಅದರ ಅಲ್ಯೂಮಿನಿಯಂ ರೆಕ್ಕೆಗಳು ಬೂದಿಯಂತೆ ಉದುರಿವೆಯೇ ನೋಡಿ. ಉದುರಿದ್ದರೆ ತಂಪು ಕಮ್ಮಿ, ಕರೆಂಟ್ ಬಿಲ್ ಜಾಸ್ತಿ. ತೊಳೆಯುವುದಾದರೆ ಸ್ವಿಚ್ ಆರಿಸಿ, ತೋಟದ ಪೈಪಿನ ಮೆತ್ತನೆಯ ನೀರು ಸಾಕು. ಪ್ರೆಷರ್ ವಾಷರ್ ಹಿಡಿದರೆ ರೆಕ್ಕೆಗಳು ಮಡಚಿಕೊಂಡು ಗಾಳಿಯೇ ಆಡದು. ಸೈಕಲ್ಲನ್ನು ಬಾಲ್ಕನಿಯಲ್ಲಿ ಇಟ್ಟರೆ ಚೈನಿಗೆ ತುಕ್ಕು ಖಚಿತ, ಒಳಗಿಡಿ.

ಬಾಡಿಗೆ ಕರಾರಿನಲ್ಲಿ ಸೌತ್ ಆಸ್ಟ್ರೇಲಿಯಾದ ನಿಯಮಗಳು ಬಾಡಿಗೆದಾರರಿಗೆ ಈಗ ಮೊದಲಿಗಿಂತ ಅನುಕೂಲ. ವಾರಕ್ಕೆ 800 ಡಾಲರ್‌ವರೆಗಿನ ಬಾಡಿಗೆಗೆ ಬಾಂಡ್ (ಮುಂಗಡ ಠೇವಣಿ) ನಾಲ್ಕು ವಾರದ ಬಾಡಿಗೆಯನ್ನು ಮೀರುವಂತಿಲ್ಲ, ಅದಕ್ಕಿಂತ ಹೆಚ್ಚಿದ್ದರೆ ಆರು ವಾರ. 2024ರ ಜುಲೈನಿಂದ 12 ತಿಂಗಳಿಗೆ ಒಂದೇ ಸಲ ಬಾಡಿಗೆ ಏರಿಸಬಹುದು. ಹೊಕ್ಕ ದಿನವೇ ತಪಾಸಣಾ ಪಟ್ಟಿಯಲ್ಲಿ ಇರುವ ತುಕ್ಕು, ಕಲೆ, ಬಿಗಿಯಾದ ಬಾಗಿಲುಗಳನ್ನೆಲ್ಲ ಫೋಟೋ ಸಮೇತ ಬರೆದಿಡಿ. ಕಡಲ ಪಕ್ಕದಲ್ಲಿ ಇದನ್ನು ಬಿಟ್ಟರೆ ಹಳೆಯ ತುಕ್ಕಿಗೂ ನಿಮ್ಮ ಬಾಂಡಿನ ಮೇಲೇ ಕಣ್ಣು ಬೀಳುತ್ತದೆ. ಸರ್ಕಾರಿ ಶಾಲೆಯ ವಲಯವನ್ನು ಬಡಾವಣೆಯ ಹೆಸರಿನಿಂದ ಊಹಿಸಬೇಡಿ, ಮನೆಯ ಪೂರ್ಣ ವಿಳಾಸ ಹಾಕಿ ನೋಡಿ. ಸಂಗೀತ ಮತ್ತು ವಾಲಿಬಾಲ್‌ಗೆ ವಿಶೇಷ ತರಗತಿಗಳಿರುವ ಬ್ರೈಟನ್ ಸೆಕೆಂಡರಿ ಶಾಲೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರುವವರಿಗೆ ಈ ಮಾತು ಮುಖ್ಯ.

ಬೀಚ್ ಹೇಗಿದೆ? ಕೊಲ್ಲಿಯ ಒಳಗಿರುವುದರಿಂದ ಸಿಡ್ನಿಯ ಬೀಚುಗಳಂಥ ಅಲೆಯಬ್ಬರವಿಲ್ಲ, ದೂರದವರೆಗೂ ಸೊಂಟದ ಮಟ್ಟದ ನೀರು. ಸರ್ಫಿಂಗ್ ಬೇಕಾದವರಿಗೆ ನಿರಾಸೆ, ಮಕ್ಕಳಿರುವವರಿಗೆ ನಿರಾಳ. ಬೇಸಿಗೆ ಕೊನೆಗೆ ನೀರು ಸುಮಾರು 21–22 ಡಿಗ್ರಿಗೆ ಏರುತ್ತದೆ, ಇಲ್ಲಿ ಚಳಿಗಾಲವಾದ ಆಗಸ್ಟ್ ಹೊತ್ತಿಗೆ 14ರ ಆಸುಪಾಸು. ಕೆಂಪು-ಹಳದಿ ಬಾವುಟಗಳು ನೆಟ್ಟಿದ್ದರೆ ಅವುಗಳ ನಡುವೆಯೇ ಈಜಬೇಕು. ಸ್ವಯಂಸೇವಕರ ಕಾವಲು ಮುಖ್ಯವಾಗಿ ಬೇಸಿಗೆಯ ವಾರಾಂತ್ಯ ಮತ್ತು ರಜಾದಿನಗಳಲ್ಲಿ. ಬಾವುಟವಿಲ್ಲದ ದಿನ ನೋಡಿಕೊಳ್ಳುವವರಿಲ್ಲ ಎಂದೇ ತಿಳಿಯಿರಿ. ನೀರಿನಲ್ಲಿ ಪಾದ ಎತ್ತಿ ಇಡದೆ ಮರಳಿನ ಮೇಲೆ ಎಳೆದುಕೊಂಡು ನಡೆದರೆ ತಳದಲ್ಲಿ ಮಲಗಿರುವ ತೊರಕೆ ಮೀನು ತಾನಾಗಿ ಸರಿಯುತ್ತದೆ.

ಭರತ ಇಳಿತದಲ್ಲೂ ಈ ಕೊಲ್ಲಿಗೆ ಒಂದು ವಿಚಿತ್ರ ಗುಣ. ಸೂರ್ಯನ ಸೆಳೆತ ಮತ್ತು ಚಂದ್ರನ ಸೆಳೆತದಿಂದ ಏಳುವ ಅರ್ಧದಿನದ ಉಬ್ಬರಗಳು ಇಲ್ಲಿ ಹೆಚ್ಚುಕಡಿಮೆ ಸಮ. ಅಷ್ಟಮಿಯ ಆಸುಪಾಸಿನಲ್ಲಿ ಅವೆರಡೂ ಒಂದನ್ನೊಂದು ಅಳಿಸಿ, ಒಂದೆರಡು ದಿನ ನೀರು ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಸ್ಥಳೀಯರು ಇದನ್ನು ಡಾಡ್ಜ್ ಟೈಡ್ ಎನ್ನುತ್ತಾರೆ. ಗಟ್ಟಿ ಮರಳಿನ ಮೇಲೆ ಓಡುವವರು ಇಳಿತದ ಹೊತ್ತು ನೋಡಿ ಹೊರಡುವುದು ರೂಢಿ. ಆ ದಿನಗಳಲ್ಲಿ ಉಬ್ಬರವಿಳಿತದ ಪಟ್ಟಿ ನೋಡಿ ಪ್ರಯೋಜನವಿಲ್ಲ.

ದಡಕ್ಕೆ ಬಂದು ಬೀಳುವ ಕಂದು ರಾಶಿ ಕಸವಲ್ಲ, ಕಡಲಹುಲ್ಲು. ಚಳಿಗಾಲದ ಬಿರುಗಾಳಿಯ ನಂತರ ಮೊಣಕಾಲಿನವರೆಗೂ ಇರುತ್ತದೆ, ಕೊಳೆತ ವಾಸನೆಯೂ ಬರುತ್ತದೆ, ಆದರೆ ಅದು ಮರಳನ್ನು ಹಿಡಿದಿಡುತ್ತದೆ. ಮರಳು ಇಲ್ಲಿ ನಿಲ್ಲುವುದೇ ಕಷ್ಟ. ಅಲೆಗಳು ಅದನ್ನು ಉತ್ತರಕ್ಕೆ ತಳ್ಳುತ್ತಲೇ ಇರುತ್ತವೆ, ಗ್ಲೆನೆಲ್ಗ್‌ನಿಂದ ದಕ್ಷಿಣದ ಕಿಂಗ್ಸ್‌ಟನ್ ಪಾರ್ಕಿನವರೆಗೆ ಹಾಕಿದ ಕೊಳವೆಯಲ್ಲಿ ಸರ್ಕಾರ ಅದನ್ನು ಹಿಂದಕ್ಕೆ ಪಂಪ್ ಮಾಡುತ್ತದೆ. ಕೊಳವೆಯ ಬಾಯಿಂದ ಮರಳುನೀರು ಬೀಳುವಾಗ ಮಕ್ಕಳನ್ನು ಹತ್ತಿರ ಬಿಡಬೇಡಿ.

ಜೋರು ಮಳೆ ಬಂದ ನಂತರ ಪ್ಯಾಟವಲೋಂಗ ಮತ್ತು ಚರಂಡಿ ಬಾಯಿಗಳ ಬಳಿ ನೀರಿಗಿಳಿಯಬಾರದು, ಊರಿನ ರಸ್ತೆಯ ಕೊಳೆಯೆಲ್ಲ ಅಲ್ಲಿಗೇ ಬರುತ್ತದೆ. ಇನ್ನೊಂದು ಹೊಸ ತಲೆನೋವು ಪಾಚಿ. 2025ರ ಮಾರ್ಚ್‌ನಲ್ಲಿ ರಾಜ್ಯದ ದಕ್ಷಿಣ ತೀರದಲ್ಲಿ ಕಾಣಿಸಿಕೊಂಡ ಕರೇನಿಯಾ ಜಾತಿಯ ಸೂಕ್ಷ್ಮ ಪಾಚಿ ಅದೇ ವರ್ಷ ಅಡಿಲೇಡ್ ಬೀಚುಗಳಿಗೂ ಬಂದು ಮೀನುಗಳನ್ನು ಸಾಯಿಸಿತು. ನೊರೆ ತುಂಬಿದ, ಬಣ್ಣಗೆಟ್ಟ ನೀರು ಕಂಡರೆ ಇಳಿಯಬೇಡಿ. ಕಣ್ಣುರಿ, ಕೆಮ್ಮು ಬರುತ್ತದೆ, ಅಸ್ತಮಾ ಇರುವವರು ದಡದಲ್ಲೂ ನಿಲ್ಲದಿರುವುದು ಒಳ್ಳೆಯದು. ಆಯಾ ದಿನದ ಸ್ಥಿತಿಗೆ ಬೀಚ್‌ಸೇಫ್ ಆ್ಯಪ್ ನೋಡಿ. ಕಡಲೊಳಗೆ ಚಾಚಿದ 215 ಮೀಟರ್ ಉದ್ದದ ಜೆಟ್ಟಿಯ ಮೇಲೆ ನೀಲಿ ಏಡಿ ಹಿಡಿಯುವವರಿಗೆ ಗಾಳ-ಬಲೆಯ ಲೈಸೆನ್ಸ್ ಬೇಡ. 11 ಸೆಂಟಿಮೀಟರ್‌ಗಿಂತ ಚಿಕ್ಕದನ್ನೂ ಮೊಟ್ಟೆ ಹೊತ್ತ ಹೆಣ್ಣನ್ನೂ ವಾಪಸ್ ಬಿಡಬೇಕು. ಎಷ್ಟು ಹಿಡಿಯಬಹುದೆಂಬ ಮಿತಿಯನ್ನು ಪಾಚಿಯ ಕಾರಣಕ್ಕೆ ಬದಲಿಸಿದ್ದಾರೆ, ಹೋಗುವ ದಿನವೇ ವಿಚಾರಿಸಿ. (1859ರ ಹಳೆಯ ಜೆಟ್ಟಿ ಇದಕ್ಕಿಂತ ಉದ್ದವಿತ್ತು, 381 ಮೀಟರ್. 1948ರ ಬಿರುಗಾಳಿ ಅದನ್ನು ಒಡೆದು ಹಾಕಿತು, ಈಗಿನದು 1969ರದ್ದು.)

ದಿನಬಳಕೆಗೆ ಜೆಟ್ಟಿ ರೋಡ್ ಸಾಕು: ಸೂಪರ್‌ಮಾರ್ಕೆಟ್, ಔಷಧಿ ಅಂಗಡಿ, ಬ್ಯಾಂಕು, ಹೋಟೆಲು. ಕಾಫಿಗೆ ಕಡಲಂಚಿನಲ್ಲಿ ಕೂರುವ ಬದಲು ಎರಡು ಬೀದಿ ಒಳಗೆ ಹೋದರೆ ಜೇಬಿಗೂ ನಾಲಿಗೆಗೂ ಹಿತ. ವಾರಾಂತ್ಯದಲ್ಲಿ ದೊಡ್ಡ ಸೂಪರ್‌ಮಾರ್ಕೆಟ್‌ಗಳು ಸಂಜೆ 5ಕ್ಕೇ ಬಾಗಿಲು ಹಾಕುವುದು ಅಡಿಲೇಡ್ ಬಡಾವಣೆಗಳ ಪದ್ಧತಿ, ಹಾಲು ತರಕಾರಿ ಬೆಳಗ್ಗೆಯೇ ತಂದಿಡಿ. ದೊಡ್ಡ ಖರೀದಿಗೆ ವೆಸ್ಟ್‌ಫೀಲ್ಡ್ ಮ್ಯಾರಿಯನ್. ಚಳಿಗಾಲದಲ್ಲಿ ಈಜಲು ಅಲ್ಲೇ ಪಕ್ಕದಲ್ಲಿ 2011ರಿಂದ ಇರುವ 50 ಮೀಟರ್ ಒಳಾಂಗಣ ಕೊಳ. ಗ್ಲೆನೆಲ್ಗ್ ಗ್ರಂಥಾಲಯದ ಕಾರ್ಡ್ ರಾಜ್ಯದ ಯಾವ ಸಾರ್ವಜನಿಕ ಗ್ರಂಥಾಲಯದಲ್ಲೂ ನಡೆಯುತ್ತದೆ, ಬೇರೆ ಊರಿನ ಪುಸ್ತಕವನ್ನು ಇಲ್ಲಿಗೇ ತರಿಸಿಕೊಳ್ಳಬಹುದು. ಈ ಸೇವೆಯ ಬಗ್ಗೆ ಒಂದೇ ಒಂದು ದೂರು ಇಲ್ಲ.

ಖಾಲಿ ಪಾನೀಯದ ಡಬ್ಬಿ, ಬಾಟಲಿ ಎಸೆಯಬೇಡಿ. 1977ರಿಂದ ಈ ರಾಜ್ಯದಲ್ಲಿ ಠೇವಣಿ ಪದ್ಧತಿಯಿದೆ, ಒಂದಕ್ಕೆ 10 ಸೆಂಟ್. ಸಂಗ್ರಹ ಡಿಪೋಗೆ ಒಯ್ಯುವಾಗ ಜಜ್ಜಬೇಡಿ, ಲೇಬಲ್ ಓದಲು ಬರದಿದ್ದರೆ ತೆಗೆದುಕೊಳ್ಳದಿರಬಹುದು. ಅಡುಗೆಮನೆಯ ಎಂಜಲು, ಸಿಪ್ಪೆ ಹಸಿರು ಮುಚ್ಚಳದ ಡಬ್ಬಿಗೆ, ಗೊಬ್ಬರವಾಗುವ ಚೀಲದಲ್ಲಿ ಮಾತ್ರ. ಪ್ಲಾಸ್ಟಿಕ್ ಚೀಲ ಸೇರಿದರೆ ಇಡೀ ಡಬ್ಬಿ ಹಾಳು. ನಾಯಿ ಸಾಕುವವರು ನೆನಪಿಡಬೇಕಾದ್ದು: ಡೇಲೈಟ್ ಸೇವಿಂಗ್ (ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಪದ್ಧತಿ) ಇರುವ ಅಕ್ಟೋಬರ್–ಏಪ್ರಿಲ್ ನಡುವೆ ಬೆಳಗ್ಗೆ 10ರಿಂದ ರಾತ್ರಿ 8ರವರೆಗೆ ಬೀಚಿನಲ್ಲಿ ಹಗ್ಗ ಹಿಡಿದೇ ಇರಬೇಕು.

ಪಾರ್ಕಿಂಗ್ ಈ ಬಡಾವಣೆಯ ದೊಡ್ಡ ದೋಷ. ಹಳೆಯ ಫ್ಲ್ಯಾಟುಗಳಿಗೆ ಒಂದೇ ಕಾರಿನ ಜಾಗ, ಬೀದಿಯಲ್ಲಿ ಗಂಟೆಗಳ ಮಿತಿ, ಕಡಲಂಚಿನಲ್ಲಿ ಶುಲ್ಕ. ಎರಡು ಕಾರಿರುವ ಕುಟುಂಬ ಸಹಿ ಹಾಕುವ ಮೊದಲೇ ಆ ಬೀದಿಗೆ ನಿವಾಸಿ ಪರವಾನಗಿ ಸಿಗುತ್ತದೆಯೇ ಎಂದು ಸ್ಥಳೀಯ ಆಡಳಿತವಾದ ಹೋಲ್ಡ್‌ಫಾಸ್ಟ್ ಬೇ ಕೌನ್ಸಿಲ್‌ಗೆ ಫೋನ್ ಮಾಡಿ ಕೇಳಲಿ. 1836ರಲ್ಲಿ ಸೌತ್ ಆಸ್ಟ್ರೇಲಿಯಾ ವಸಾಹತಿನ ಘೋಷಣೆ ಓದಿದ ನೆನಪಿಗೆ ಡಿಸೆಂಬರ್ 28ರಂದು ನಡೆಯುವ ಸಮಾರಂಭ, ಹೊಸವರ್ಷದ ಮುನ್ನಾದಿನ, ನಗರದಿಂದ ಗ್ಲೆನೆಲ್ಗ್‌ವರೆಗೆ ಸೆಪ್ಟೆಂಬರಿನಲ್ಲಿ ನಡೆಯುವ ಸಿಟಿ-ಬೇ ಓಟ, ಇನ್ನು 40 ಡಿಗ್ರಿ ದಾಟಿದ ಯಾವುದೇ ದಿನ: ಈ ದಿನಗಳಲ್ಲಿ ಕಾರು ಹೊರತೆಗೆದರೆ ವಾಪಸ್ ಬಂದಾಗ ಬೀದಿಯಲ್ಲಿ ಜಾಗ ಇರದು. ಅತಿಥಿಗಳಿಗೆ ಟ್ರಾಮಿನಲ್ಲೇ ಬರಲು ಹೇಳಿ.

ತುರ್ತು ಚಿಕಿತ್ಸೆಗೆ ದೊಡ್ಡ ಸರ್ಕಾರಿ ಆಸ್ಪತ್ರೆ ಎಂದರೆ ಬೆಡ್‌ಫರ್ಡ್ ಪಾರ್ಕಿನ ಫ್ಲಿಂಡರ್ಸ್ ಮೆಡಿಕಲ್ ಸೆಂಟರ್. ಆಂಬುಲೆನ್ಸ್‌ಗೆ ಕರೆ 000, ಆದರೆ ಅದರ ಖರ್ಚನ್ನು ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ ಭರಿಸುವುದಿಲ್ಲ. ತುರ್ತಾಗಿ ಒಮ್ಮೆ ಬಂದರೆ ಬಿಲ್ಲು ಸಾವಿರ ಡಾಲರ್ ದಾಟುತ್ತದೆ. ವರ್ಷಕ್ಕೊಮ್ಮೆ ಕಟ್ಟುವ ಆಂಬುಲೆನ್ಸ್ ಕವರ್ ಅದಕ್ಕಿಂತ ಎಷ್ಟೋ ಅಗ್ಗ. ಊರಿನಿಂದ ಅಪ್ಪ-ಅಮ್ಮ ಬರುವವರಿದ್ದರೆ ಅವರ ಪ್ರಯಾಣ ವಿಮೆಯಲ್ಲಿ ಇದು ಸೇರಿದೆಯೇ ಎಂದು ಟಿಕೆಟ್ ಮಾಡಿಸುವ ಮೊದಲೇ ನೋಡಿ.