ಟಿಯಾಗೊ ಇವಿ: ಹೈವೇಯಲ್ಲಿ ಸೊನ್ನೆ, ಇಳಿಜಾರಲ್ಲಿ ಮೂರು

"ರೀಜೆನ್ 3ರಲ್ಲೇ ಇಡಿ ಸರ್, ಮೈಲೇಜ್ ಜಾಸ್ತಿ ಬರ್ತದೆ." ಟಾಟಾದ ಈ ಎಲೆಕ್ಟ್ರಿಕ್ ಕಾರು ಕೊಡುವಾಗ ಶೋರೂಮಿನ ಹುಡುಗ ಹೇಳಿದ ಮಾತಿದು. ರೀಜೆನ್ ಅಂದರೆ ಕಾರು ನಿಧಾನ ಆಗುವಾಗಿನ ಶಕ್ತಿಯನ್ನು ಬ್ಯಾಟರಿಗೆ ವಾಪಸ್ ಕಳಿಸುವ ವ್ಯವಸ್ಥೆ, 0ಯಿಂದ 3ರವರೆಗೆ ಹಂತಗಳಿವೆ. ಬದಿಯಡ್ಕದಿಂದ ಮಂಗಳೂರಿಗೆ ಓಡಾಡುತ್ತಾ ಎರಡನೇ ಮಳೆಗಾಲ ಬಂತು. ಆ ಮಾತು ಅರ್ಧ ಮಾತ್ರ ಸರಿ.

3ರಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಸಾಕು, ಮೋಟರೇ ಜನರೇಟರ್ ಆಗಿ ಕಾರನ್ನು ಹಿಡಿಯುತ್ತದೆ, ಬ್ಯಾಟರಿಗೆ ಕರೆಂಟ್ ಹೋಗುತ್ತದೆ. 0ಯಲ್ಲಿ ಸುಮ್ನೆ ಉರುಳುತ್ತದೆ. ಹಾಗೆ ವಾಪಸ್ ಹೋದ ಕರೆಂಟ್ ಪೂರ್ತಿ ಕೈಗೆ ಸಿಗುವುದಿಲ್ಲ. ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ ಬಿಸಿಯಾಗಿ ಕಳೆಯುತ್ತದೆ, ಹೆಚ್ಚುಕಡಿಮೆ ಮೂರನೇ ಒಂದು ಭಾಗ. ಉರುಳಿಸಿದರೆ ಆ ನಷ್ಟವೇ ಇಲ್ಲ.

ಹಾಗಾಗಿ ಕುಂಬಳೆ ದಾಟಿ ಆರು ಪಥದ ಹೈವೇ ಹತ್ತಿದ ಮೇಲೆ ತಲಪಾಡಿವರೆಗೆ ನನ್ನದು 0. ಮುಂದೆ ಲಾರಿ ನಿಧಾನ ಆಗುವುದು ಕಂಡರೆ ದೂರದಿಂದಲೇ ಕಾಲು ತೆಗೆಯುತ್ತೇನೆ. ಹಿಂದಿನವರು ಹಾರ್ನ್ ಹಾಕುತ್ತಾರೆ, ಹಾಕಲಿ.

ಗುಡ್ಡದ ರಸ್ತೆಯ ಲೆಕ್ಕ ಬೇರೆ. ಜನ ಸೇರಿ 1300 ಕಿಲೋ ಅಂತ ಇಟ್ಟುಕೊಳ್ಳಿ. 80ರಲ್ಲಿ ಹೋಗುವ ಕಾರಿನ ವೇಗದಲ್ಲಿ ಇರುವ ಶಕ್ತಿ ಸುಮಾರು 0.09 ಯೂನಿಟ್ ಅಷ್ಟೇ. 100 ಮೀಟರ್ ಎತ್ತರದಿಂದ ಇಳಿದರೆ 0.35 ಯೂನಿಟ್! ಕಡಿದಾದ ಇಳಿಜಾರಲ್ಲಿ ಹೇಗೂ ಕಾರು ಹಿಡಿಯಲೇಬೇಕು ಅಲ್ವಾ? ಬ್ರೇಕ್ ಪ್ಯಾಡಿನಲ್ಲಿ ಸುಟ್ಟು ಹಾಕುವ ಬದಲು ಬ್ಯಾಟರಿಗೆ ಹೋಗಲಿ. ಪೆರ್ಲ ಕಡೆಯ ತಿರುವುಗಳಲ್ಲಿ 3 ಹಾಕುತ್ತೇನೆ. ಅಮ್ಮ ಹಿಂದೆ ಕೂತಿದ್ದರೆ ಮಾತ್ರ 1. ಕಾಲು ಎತ್ತಿದಾಗೆಲ್ಲ ಕಾರು ತಡೆದರೆ "ಇದೆಂತ ಮಾರಾಯ, ವಾಂತಿ ಬರುವ ಹಾಗೆ ಆಗ್ತದೆ" ಅನ್ನುತ್ತಾರೆ. ಜೋರು ಮಳೆಗೂ 1ನ್ನೇ ಇಡುವುದು, ಯಾಕೆಂದರೆ ರೀಜೆನ್ ಹಿಡಿಯುವುದು ಮುಂದಿನ ಎರಡು ಚಕ್ರ ಮಾತ್ರ, ಒದ್ದೆ ರಸ್ತೆಯಲ್ಲಿ ಅವು ಜಾರಬಹುದು.

ಮನೆ ಗುಡ್ಡದ ಮೇಲಿದ್ದರೆ ರಾತ್ರಿ 100 ಚಾರ್ಜ್ ಮಾಡಬೇಡಿ. ತುಂಬಿದ ಬ್ಯಾಟರಿಗೆ ಮತ್ತೆ ಕರೆಂಟ್ ಹಿಡಿಸುವುದಿಲ್ಲ, ಬೆಳಿಗ್ಗೆ ಇಳಿಯುವಾಗ ರೀಜೆನ್ ತುಂಬ ಕಮ್ಮಿ ಇರುತ್ತದೆ. ಹೆಚ್ಚಿನ ಇವಿಗಳಲ್ಲೂ ಅಷ್ಟೇ. ನಾನು 90ಕ್ಕೆ ನಿಲ್ಲಿಸುತ್ತೇನೆ.

ಹಾಂ, ನ್ಯೂಟ್ರಲ್ ಹಾಕಿ ಉರುಳಿಸುವವರೂ ಇದ್ದಾರೆ, ಹಳೆ ಆಟೋದವರು ಇಳಿಜಾರಲ್ಲಿ ಇಂಜಿನ್ ಆಫ್ ಮಾಡುತ್ತಿದ್ದ ಹಾಗೆ. 0 ಇರುವಾಗ ಅದರ ಅಗತ್ಯವೇ ಇಲ್ಲ. ಯಾವಾಗಲೂ 3ರಲ್ಲೇ ಓಡಿಸುವವರು ಆಗಾಗ ಬ್ರೇಕನ್ನೂ ಗಟ್ಟಿಯಾಗಿ ಒತ್ತುತ್ತಿರಿ. ಬ್ರೇಕ್ ಬಳಕೆ ಕಮ್ಮಿಯಾದರೆ ನಮ್ಮ ಕರಾವಳಿ ಗಾಳಿಗೆ ಡಿಸ್ಕ್ ಬೇಗ ತುಕ್ಕು ಹಿಡಿಯುತ್ತದೆ.