ಬಳ್ಳಾರಿಯ ಬಿಸಿಲು, ಸಂಡೂರಿನ ಧೂಳು: ಬಾಳಿಕೆಗೆ ಯಾವ ಕಾರು?

2022ರ ಕೊನೆಗೆ ನಮ್ಮ ಮನೆಗೆ ಎರಡು ಕಾರು ಬಂದವು. ನನ್ನದು ವಿದ್ಯುತ್ ಕಾರು, ಅಣ್ಣನದು ಪೆಟ್ರೋಲ್ ಹೈಬ್ರಿಡ್, ಅಂದರೆ ಪೆಟ್ರೋಲ್ ಎಂಜಿನ್ ಜೊತೆಗೆ ವಿದ್ಯುತ್ ಮೋಟಾರೂ ಇರುವುದು. ನನಗೆ ಬಳ್ಳಾರಿಯಲ್ಲಿ ಜೀನ್ಸ್ ಹೊಲಿಗೆ ಘಟಕವಿದೆ. ದಿನಕ್ಕೆ ಐವತ್ತು ಅರವತ್ತು ಕಿ.ಮೀ. ಊರೊಳಗೇ ಸುತ್ತಾಟ. ಅಣ್ಣನಿಗೆ ಸಂಡೂರಿನ ಗಣಿ ಕಡೆ ಕೆಲಸ, ಆಗಾಗ ರಾಯಚೂರು. ಕೊಳ್ಳುವಾಗ ಎಲ್ಲರೂ ಮೈಲೇಜ್ ಎಷ್ಟೆಂದು ಕೇಳಿದರು. ಹತ್ತು ವರ್ಷ ಬಾಳುವುದು ಯಾವುದು ಎಂಬುದು ನನ್ನ ಚಿಂತೆಯಾಗಿತ್ತು. ಮೂರು ಬೇಸಿಗೆ ಕಳೆದಿವೆ. ನನ್ನದು 60,000 ಕಿ.ಮೀ. ಓಡಿದೆ, ಅವನದು 90,000. ಅದಲು ಬದಲು ಮಾಡಿಕೊಂಡೂ ಓಡಿಸಿದ್ದೇವೆ.

ವಿದ್ಯುತ್ ಕಾರಿನಲ್ಲಿ ಸವೆಯುವ ಭಾಗಗಳೇ ಕಡಿಮೆ. ಎಂಜಿನ್ ಆಯಿಲ್ ಇಲ್ಲ, ಕ್ಲಚ್ ಇಲ್ಲ, ಸೈಲೆನ್ಸರ್ ಇಲ್ಲ. ವೇಗ ತಗ್ಗಿಸುವ ಕೆಲಸವನ್ನು ಬಹುಪಾಲು ಮೋಟಾರೇ ಮಾಡುವುದರಿಂದ ಬ್ರೇಕ್ ಪ್ಯಾಡ್ ಇನ್ನೂ ಮೊದಲಿನದೇ. ಟೈರ್ ಮಾತ್ರ ಬೇಗ ಸವೆದವು; ಬ್ಯಾಟರಿಯ ತೂಕ ಅಷ್ಟಿದೆ.

ನನ್ನನ್ನು ಕಾಡಿದ್ದು ಕಾರಲ್ಲ, ಮನೆಯ ಅರ್ಥಿಂಗ್. 2023ರ ಏಪ್ರಿಲ್‌ನ ಒಂದು ರಾತ್ರಿ ಚಾರ್ಜರಿನಲ್ಲಿ ಕೆಂಪು ದೀಪ ಹತ್ತಿತು, ಚಾರ್ಜ್ ಶುರುವಾಗಲಿಲ್ಲ. ಐದು ತಿಂಗಳಿಗೇ ಕಾರು ಕೆಟ್ಟಿತೆಂದು ಎದೆ ಒಡೆಯಿತು. ಬೆಳಿಗ್ಗೆ ಬಂದ ಎಲೆಕ್ಟ್ರಿಷಿಯನ್ ಕಾರನ್ನು ಮುಟ್ಟಲೇ ಇಲ್ಲ. ನೇರವಾಗಿ ಹಿತ್ತಲಿನ ಅರ್ಥಿಂಗ್ ಗುಂಡಿಯ ಮುಚ್ಚಳ ತೆಗೆದ. ಒಳಗೆ ಮಣ್ಣು ಒಣಗಿ ಬಿರುಕು ಬಿಟ್ಟಿತ್ತು. “ಇದಕ್ಕೆ ನೀರು ಹಾಕಿ ಎಷ್ಟು ತಿಂಗಳಾಯಿತು ಸರ್?” ಎಂದ. ನಾಲ್ಕು ಬಕೆಟ್ ನೀರು ಸುರಿದು, ಅದು ಇಂಗಿದ ಮೇಲೆ ಪ್ಲಗ್ ಹಾಕಿದರೆ ಹಸಿರು ದೀಪ! ಮಣ್ಣು ಒಣಗಿದರೆ ಅರ್ಥಿಂಗ್ ಸೋಲುತ್ತದೆ. ಅರ್ಥಿಂಗ್ ಸರಿಯಿಲ್ಲದಿದ್ದರೆ ಚಾರ್ಜರ್ ನಮ್ಮ ಸುರಕ್ಷತೆಗಾಗಿಯೇ ಕೆಲಸ ನಿಲ್ಲಿಸುತ್ತದೆ. ಈಗ ಬೇಸಿಗೆಯ ಪ್ರತಿ ಭಾನುವಾರ ತುಳಸಿಗೆ ನೀರು ಹಾಕಿದ ಕೈಯಲ್ಲೇ ಆ ಗುಂಡಿಗೂ ಹಾಕುತ್ತೇನೆ.

ಬ್ಯಾಟರಿಯ ಆಯುಷ್ಯ ತಿನ್ನುವುದು ಶಾಖ. ಹಾಗಾಗಿ ಮಧ್ಯಾಹ್ನ ಸುತ್ತಾಡಿ ಬಂದ ಕಾರನ್ನು ಕೂಡಲೇ ಚಾರ್ಜಿಗೆ ಹಾಕುವುದಿಲ್ಲ, ರಾತ್ರಿ ಹನ್ನೊಂದರ ನಂತರವೇ. ಹೊಸತರಲ್ಲಿ ಪೂರ್ತಿ ಚಾರ್ಜಿಗೆ 240 ಕಿ.ಮೀ. ಹೋಗುತ್ತಿತ್ತು, ಈಗ 225.

ಹೈಬ್ರಿಡ್ ಎಂದರೆ ಎರಡು ಯಂತ್ರ, ಎರಡು ಪಟ್ಟು ರಿಪೇರಿ ಎಂದು ಹೆದರಿಸುವವರಿದ್ದಾರೆ. ಅದು ತಪ್ಪು. ಅಣ್ಣನ ಕಾರಿನ ಬಗೆಯಲ್ಲಿ ಎಂಜಿನ್ ಮತ್ತು ಮೋಟಾರನ್ನು ಒಂದು ಗ್ರಹೀಯ ಗೇರ್ (ನಡುವಿನ ಹಲ್ಲುಚಕ್ರದ ಸುತ್ತ ಸಣ್ಣ ಚಕ್ರಗಳು ತಿರುಗುವ ಜೋಡಣೆ) ಜೋಡಿಸುತ್ತದೆ. ಕ್ಲಚ್ಚಾಗಲಿ, ಪ್ರತ್ಯೇಕ ಸ್ಟಾರ್ಟರ್ ಆಗಲಿ ಇಲ್ಲ. 1997ರಲ್ಲಿ ಜಪಾನಿನಲ್ಲಿ ಬಂದ ಟೊಯೋಟಾದ ಹೈಬ್ರಿಡ್ ಕಾರು, ಮೊದಲ ಪ್ರಿಯಸ್‌ನಿಂದಲೂ ಪಳಗಿದ ಏರ್ಪಾಡು ಅದು. ಬ್ಯಾಟರಿ ಪುಟ್ಟದು, ಆದರೆ ಕಾರು ಅದನ್ನು ಪೂರ್ತಿ ತುಂಬಲು ಬಿಡುವುದಿಲ್ಲ, ಪೂರ್ತಿ ಬರಿದಾಗಲೂ ಬಿಡುವುದಿಲ್ಲ; ಹಾಗಾಗಿ ಅದು ಬಾಳುತ್ತದೆ. ಆಯಿಲ್, ಫಿಲ್ಟರ್, ಸ್ಪಾರ್ಕ್ ಪ್ಲಗ್‌ಗಳ ಖರ್ಚು ಮಾಮೂಲಿ ಕಾರಿನಂತೆಯೇ ಇದೆ.

ಅದರ ಶತ್ರು ಧೂಳು. ಬ್ಯಾಟರಿಯನ್ನು ತಂಪಾಗಿಡುವ ಫ್ಯಾನ್ ಕಾರಿನೊಳಗಿನ ಗಾಳಿಯನ್ನೇ ಹಿಂದಿನ ಸೀಟಿನ ಬಳಿಯ ಜಾಲರಿಯಿಂದ ಎಳೆದುಕೊಳ್ಳುತ್ತದೆ. ಕಳೆದ ವರ್ಷ ಆ ಫ್ಯಾನು ಗೊರಗೊರ ಎನ್ನತೊಡಗಿತು. ಜಾಲರಿ ಬಿಚ್ಚಿ ಪತ್ರಿಕೆಯ ಮೇಲೆ ತಟ್ಟಿದರೆ ಕುಂಕುಮದ ಭರಣಿ ಬೋರಲಾದಂತೆ ಒಂದು ಹಿಡಿ ಅದಿರಿನ ಪುಡಿ ಬಿತ್ತು. ಹಾಗೇ ಬಿಟ್ಟಿದ್ದರೆ ಗಾಳಿ ಸಿಗದೆ ಬ್ಯಾಟರಿ ಕಾದು ಹಾಳಾಗುತ್ತಿತ್ತು. ಅದಿರು ಲಾರಿಗಳ ಹಿಂದೆ ಓಡುವವರು ಎರಡು ತಿಂಗಳಿಗೊಮ್ಮೆ ಇದನ್ನು ಬಿಚ್ಚಿ ಬ್ರಷ್‌ನಿಂದ ಉಜ್ಜಲೇಬೇಕು.

12 ವೋಲ್ಟಿನ ಸಣ್ಣ ಬ್ಯಾಟರಿ ಎರಡೂ ಕಾರಿನಲ್ಲಿ ಮೂರನೇ ಬೇಸಿಗೆಗೇ ಸತ್ತಿತು. ಅದು ಸತ್ತರೆ ಕಾರು ಶುರುವಾಗುವುದೇ ಇಲ್ಲ. ಸಿರುಗುಪ್ಪದಲ್ಲಿ ಅಣ್ಣ ಟ್ಯಾಂಕ್ ತುಂಬ ಪೆಟ್ರೋಲ್ ಇಟ್ಟುಕೊಂಡು ನಿಂತುಬಿಟ್ಟ.

ರಾಯಚೂರಿಗೆ ಹೋಗಿ ಬರಲು ಸುಮಾರು ಮುನ್ನೂರು ಕಿ.ಮೀ. ನಾನು ಎರಡು ಸಲ ಹೋದೆ. ಎರಡನೇ ಸಲ ದಾರಿಯ ಚಾರ್ಜರ್ ಕೆಟ್ಟಿತ್ತು. ಸಿಂಧನೂರಿನಲ್ಲಿ ಪರಿಚಯದವರ ಅಕ್ಕಿ ಗಿರಣಿಯ 15 ಆಂಪಿಯರ್ ಪ್ಲಗ್ಗಿಗೆ ಹಾಕಿ ಮೂರು ಗಂಟೆ ಕುಳಿತೆ. ಕಾರಿನ ಮೇಲೆ ನನಗೆ ಪೂರ್ತಿ ನಂಬಿಕೆಯಿದೆ, ಆ ದಾರಿಯ ಮೇಲಿಲ್ಲ. ಸ್ವಂತ ಮನೆ, ಒಳ್ಳೆಯ ಅರ್ಥಿಂಗ್, ದಿನದ ಓಡಾಟ ನಿಗದಿ ಇದ್ದವರು ವಿದ್ಯುತ್ ಕಾರನ್ನೇ ಕೊಳ್ಳಲಿ. ಅಣ್ಣನಂತೆ ಊರೂರು ಅಲೆಯುವವರಿಗೆ ಹೈಬ್ರಿಡ್ಡೇ ಸರಿ.

ಬ್ಯಾಟರಿಯ ವಾರಂಟಿ ಎರಡಕ್ಕೂ ಎಂಟು ವರ್ಷ ಅಥವಾ 1.6 ಲಕ್ಷ ಕಿ.ಮೀ., ಯಾವುದು ಮೊದಲೋ ಅದು. ನನ್ನ ಓಟಕ್ಕೆ ಎಂಟು ವರ್ಷ ಪೂರ್ತಿ ಸಿಗುತ್ತದೆ. ಅಣ್ಣನದು ಈಗಿನ ಲೆಕ್ಕದಲ್ಲಿ 2028ಕ್ಕೇ ಮುಗಿಯುತ್ತದೆ. ಅದಕ್ಕೇ ಪ್ರತಿ ಸರ್ವಿಸ್‌ನಲ್ಲೂ ಬ್ಯಾಟರಿ ತಪಾಸಣೆಯ ವರದಿ ಕೇಳಿ ಪಡೆದು, ಆರ್‌ಸಿ ಜೊತೆಗೇ ಇಡುತ್ತಿದ್ದಾನೆ.